ಮಂತ್ರಕ್ಕೆ ಬೆಲೆಯೂ ಇರಲಿ, ಕೆಲಸವೂ ಇರಲಿ

1998ರಲ್ಲಿ ಬಂದ ‘ಬಾಲ್ಡರ್ಸ್ ಗೇಟ್’ ಆಟದಲ್ಲಿ ಮಂತ್ರವಾದಿಯಾಗಿ ಹೊರಟವರಿಗೆ ಮೊದಲ ಕೆಲವು ಗಂಟೆಗಳೇ ಅಗ್ನಿಪರೀಕ್ಷೆ. ಜೀವಬಲ ಹೆಚ್ಚೆಂದರೆ ನಾಲ್ಕಾರು ಅಂಕ. ಒಮ್ಮೆ ಮಲಗಿ ಎದ್ದರೆ ಹಾಕಲು ಸಿಗುವುದು ಒಂದೋ ಎರಡೋ ಮಂತ್ರ. ತೋಳವೊಂದು ಎರಡು ಸಲ ಬಾಯಿ ಹಾಕಿದರೆ ಆಟ ಮುಗಿಯಿತು. ಆದರೆ ಕೈಯಲ್ಲಿರುವುದು ‘ಸ್ಲೀಪ್’ ಮಂತ್ರವಾಗಿದ್ದು, ಅದನ್ನು ಸರಿಯಾದ ಗಳಿಗೆಗೆ ಹಾಕಿದರೆ, ಮೈಮೇಲೆ ಬೀಳಲು ಬಂದ ಗುಂಪಿಗೆ ಗುಂಪೇ ನಿದ್ದೆಗೆ ಜಾರುತ್ತದೆ. ಈಗಲೇ ಹಾಕುವುದೋ, ಮುಂದಿನ ಗಂಡಾಂತರಕ್ಕೆ ಉಳಿಸಿಕೊಳ್ಳುವುದೋ? ಈ ತುಯ್ದಾಟವೇ ಮಂತ್ರವಾದಿಯ ಪಾತ್ರದ ಜೀವಾಳ. ಇತ್ತೀಚಿನ ಬಹಳಷ್ಟು ಫ್ಯಾಂಟಸಿ ಆಟಗಳು ಕಳೆದುಕೊಂಡಿರುವುದು ಇದನ್ನೇ. ಅವುಗಳಲ್ಲಿ ಮಂತ್ರವೆಂದರೆ ಬಣ್ಣ ಬಳಿದ ಬಿಲ್ಲು, ಅಷ್ಟೇ. ಗುಂಡಿ ಒತ್ತು, ಬೆಂಕಿ ಹಾರಿಸು, ಕೆಲವು ಸೆಕೆಂಡು ಕಾಯು, ಮತ್ತೆ ಒತ್ತು.

ಹಾಕಿದ ಮಂತ್ರ ಮನಸ್ಸಿನಿಂದ ಅಳಿಸಿಹೋಗುವ ಕಲ್ಪನೆ ಅಮೆರಿಕದ ಲೇಖಕ ಜ್ಯಾಕ್ ವ್ಯಾನ್ಸ್ ಅವರದು. 1950ರಲ್ಲಿ ಪ್ರಕಟವಾದ ‘ದ ಡೈಯಿಂಗ್ ಅರ್ತ್’ ಪುಸ್ತಕದಲ್ಲಿ ಮಾಂತ್ರಿಕರ ತಲೆಯಲ್ಲಿ ಒಂದು ಸಲಕ್ಕೆ ಬೆರಳೆಣಿಕೆಯ ಮಂತ್ರಗಳಷ್ಟೇ ನಿಲ್ಲುತ್ತವೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ ಅದನ್ನು ಆಟದ ನಿಯಮವಾಗಿಸಿತು. ಅಲ್ಲಿಂದ ಅದು ಕಂಪ್ಯೂಟರಿಗೆ ದಾಟಿತು. 1981ರ ‘ವಿಝಾರ್ಡ್ರಿ’ಯಲ್ಲಂತೂ ಮಂತ್ರದ ಹೆಸರನ್ನು ಆಟಗಾರನೇ ಅಕ್ಷರ ಬಿಡದೆ ಟೈಪ್ ಮಾಡಬೇಕಿತ್ತು. ಬೇಕಾದ ಹೊತ್ತಿಗೆ ಬ್ರಹ್ಮಾಸ್ತ್ರದ ಮಂತ್ರ ನೆನಪಾಗದೆ ನಿಂತ ಕರ್ಣನನ್ನು ಬಲ್ಲ ನಮ್ಮವರಿಗೆ ಇಂಥ ವಿದ್ಯೆಯ ಸಂಕಟ ಹೊಸದಲ್ಲ.

ಈ ಪದ್ಧತಿಯಲ್ಲಿ ತೊಡಕುಗಳಿದ್ದವು, ನಿಜ. ಇದ್ದಬದ್ದ ಮಂತ್ರವನ್ನೆಲ್ಲ ಒಂದೇ ಕಾಳಗಕ್ಕೆ ಸುರಿದು, ಅಲ್ಲೇ ಮಲಗಿ ಎದ್ದು, ಮುಂದಿನ ಕೋಣೆಗೆ ನುಗ್ಗುವುದು ಆಟಗಾರರ ಚಾಳಿಯಾಯಿತು. ಅಬ್ಸಿಡಿಯನ್ ಸಂಸ್ಥೆ 2015ರ ‘ಪಿಲ್ಲರ್ಸ್ ಆಫ್ ಇಟರ್ನಿಟಿ’ಯಲ್ಲಿ ಬಿಡಾರ ಹೂಡುವ ಸಾಮಗ್ರಿಗೆ ಮಿತಿ ಹಾಕಿ ಇದನ್ನು ತಡೆಯಲು ನೋಡಿತು. 2018ರ ಎರಡನೇ ಭಾಗದಲ್ಲಿ ಆ ದಾರಿಯನ್ನೇ ಬಿಟ್ಟು, ಪ್ರತಿ ಕಾಳಗ ಮುಗಿದೊಡನೆ ಮಂತ್ರಗಳು ಮರಳಿ ಸಿಗುವಂತೆ ಮಾಡಿತು. ಅನುಕೂಲವೇನೋ ಆಯಿತು. ಆದರೆ ನಾಳೆಗೆಂದು ಮಂತ್ರ ಎತ್ತಿಟ್ಟುಕೊಳ್ಳುವ ಅಗತ್ಯವೂ ಬಹುಮಟ್ಟಿಗೆ ಹೋಯಿತು.

ಬೆಲೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2011ರ ‘ಸ್ಕೈರಿಮ್’ ಸಾಕ್ಷಿ. ಅಲ್ಲಿ ತಕ್ಕ ಉಡುಪು, ಉಂಗುರಗಳಿಗೆ ಮಾಯಾಶಕ್ತಿ ತುಂಬಿಕೊಂಡರೆ ಬೆಂಕಿ, ಮಿಂಚಿನ ಮಂತ್ರಗಳ ಖರ್ಚನ್ನು ಸೊನ್ನೆಗೇ ಇಳಿಸಬಹುದು. ಆಮೇಲೆ ಕೈಬೆರಳು ಸೋಲುವವರೆಗೂ ಸಿಡಿಲು ಸುರಿಸುತ್ತಿರಬಹುದು. ಅಂಥ ಮಾಂತ್ರಿಕ ಬಲಶಾಲಿಯೇ ಸರಿ, ಆದರೆ ಅವನನ್ನು ಆಡಿಸುವವರಿಗೆ ಯೋಚಿಸಲು ಏನೂ ಉಳಿದಿರುವುದಿಲ್ಲ.

ಬೆಲೆಗಿಂತಲೂ ದೊಡ್ಡ ನಷ್ಟ ಇನ್ನೊಂದಿದೆ. ಮಂತ್ರಕ್ಕೆ ಕಾಳಗದಾಚೆ ಕೆಲಸವೇ ಇಲ್ಲದಂತಾಗಿರುವುದು. ‘ಸ್ಕೈರಿಮ್’ ಸರಣಿಯದೇ ಹಿಂದಿನ ಆಟ, 2002ರ ‘ಮಾರೋವಿಂಡ್’ ನೋಡಿ. ಅಲ್ಲಿ ಟೆಲ್ವಾನಿ ಮಾಂತ್ರಿಕ ಪ್ರಭುಗಳ ವಾಸ ದೈತ್ಯ ಅಣಬೆಯ ಗೋಪುರಗಳಲ್ಲಿ. ಮೇಲಿನ ಕೋಣೆಗಳಿಗೆ ಮೆಟ್ಟಿಲೇ ಇಲ್ಲ. ಗಾಳಿಯಲ್ಲಿ ತೇಲಬಲ್ಲವನಿಗೆ ಮಾತ್ರ ಪ್ರವೇಶ. ಈ ಮಾಂತ್ರಿಕರ ಜಂಬ ಎಂಥದ್ದೆಂಬುದನ್ನು ಒಂದು ಮಾತೂ ಇಲ್ಲದೆ ಕಟ್ಟಡವೇ ಹೇಳಿಬಿಡುತ್ತದೆ. ಹಣ ತೆತ್ತರೆ ಅದೇ ಆಟದಲ್ಲಿ ಸ್ವಂತ ಮಂತ್ರವನ್ನೂ ಕಟ್ಟಬಹುದಿತ್ತು. ಪರಿಣಾಮ ಯಾವುದು, ಎಷ್ಟು ದೂರಕ್ಕೆ, ಎಷ್ಟು ಹೊತ್ತು ಎಂದು ಒಂದೊಂದನ್ನೂ ಆಟಗಾರನೇ ನಿರ್ಧರಿಸುತ್ತಿದ್ದ. ಒಂದೇ ನೆಗೆತಕ್ಕೆ ದ್ವೀಪದ ಅರ್ಧ ಭಾಗ ದಾಟುವ ಮಂತ್ರ ಕಟ್ಟಿದವರೂ ಇದ್ದರು. ಕೆಳಗಿಳಿಯುವಾಗ ಬದುಕಿ ಉಳಿಯಲು ಇನ್ನೊಂದು ಮಂತ್ರ ಬೇಕು ಎಂಬುದು ನೆಲ ಹತ್ತಿರವಾದಾಗ ಹೊಳೆಯುತ್ತಿತ್ತು.

ಮುಂದೆ 2006ರ ‘ಒಬ್ಲಿವಿಯನ್’ನಲ್ಲಿ ತೇಲುವ ಮಂತ್ರ ಮಾಯವಾಯಿತು. ಗೋಡೆ ಸುತ್ತಿದ ನಗರಗಳನ್ನು ಬೇರೆಯಾಗಿಯೇ ಲೋಡ್ ಮಾಡುವ ಆ ಆಟದಲ್ಲಿ ಗೋಡೆಯ ಮೇಲಿಂದ ಹಾರಿ ಒಳಗಿಳಿಯಲು ಅವಕಾಶವಿರಲಿಲ್ಲ. ‘ಸ್ಕೈರಿಮ್’ ಬರುವಷ್ಟರಲ್ಲಿ ಸ್ವಂತ ಮಂತ್ರ ಕಟ್ಟುವುದೂ ಹೋಗಿತ್ತು. ಸಮತೋಲ ಕಾಯುವುದು ವಿನ್ಯಾಸಕಾರರಿಗೆ ಸುಲಭವಾಯಿತು. ಆಟಗಾರರ ಪಾಲಿಗೆ ಮಾತ್ರ ಒಂದು ಇಡೀ ಪ್ರಯೋಗಶಾಲೆಗೆ ಬೀಗ ಬಿತ್ತು.

ಮಾಂತ್ರಿಕನನ್ನು ಕಂಡ ಲೋಕ ಹೇಗೆ ನಡೆದುಕೊಳ್ಳುತ್ತದೆ ಎಂಬುದೂ ವಿನ್ಯಾಸದ ಭಾಗವೇ. 2009ರ ‘ಡ್ರ್ಯಾಗನ್ ಏಜ್: ಆರಿಜಿನ್ಸ್’ನ ಕಥೆ ಈ ವಿಷಯದಲ್ಲಿ ಗಂಭೀರವಾಗಿದೆ. ಮಾಂತ್ರಿಕರನ್ನು ಗೋಪುರದಲ್ಲಿ ಕೂಡಿಹಾಕಿ ಟೆಂಪ್ಲರ್ ಯೋಧರು ಕಾಯುತ್ತಾರೆ, ರಕ್ತವಿದ್ಯೆ ಕಲಿತವನನ್ನು ಬೇಟೆಯಾಡುತ್ತಾರೆ. ಆದರೆ ಆಟಗಾರನೇ ಆ ನಿಷಿದ್ಧ ವಿದ್ಯೆ ಕಲಿತು ಎಲ್ಲರ ಕಣ್ಣೆದುರು ಪ್ರಯೋಗಿಸಿದರೆ ಕೇಳುವವರಿಲ್ಲ. ಅಷ್ಟು ಚೆಂದದ ಕಥೆಯನ್ನು ಆಟದ ನಿಯಮಗಳೇ ಸುಳ್ಳಾಗಿಸುತ್ತವೆ.

ಹೀಗಾಗಿಯೇ ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರಲ್ಲಿ ತಂದ ‘ಬಾಲ್ಡರ್ಸ್ ಗೇಟ್ 3’ ಮುಖ್ಯವಾಗುತ್ತದೆ. ಅದರಲ್ಲಿ ಸತ್ತವರನ್ನು ಮಾತಾಡಿಸುವ ಮಂತ್ರವಿದೆ. ಹೆಣ ಐದು ಪ್ರಶ್ನೆಗಳಿಗಷ್ಟೇ ಉತ್ತರ ಕೊಡುತ್ತದೆ, ಆದ್ದರಿಂದ ಕೇಳುವುದನ್ನು ಆರಿಸಿಕೊಳ್ಳಬೇಕು. ತನ್ನನ್ನು ಕೊಂದವನೇ ಎದುರು ನಿಂತಿದ್ದರೆ ಅದು ಬಾಯಿಬಿಡುವುದಿಲ್ಲ. ಆಗ ಇನ್ನೊಂದು ಮಂತ್ರದಿಂದ ವೇಷ ಮರೆಸಿ ಬಂದು ಕೇಳಬಹುದು! ಪ್ರಾಣಿಗಳ ಜತೆ ಮಾತಾಡುವ ಮಂತ್ರ ಹಾಕಿಕೊಂಡರೆ ಇಲಿ, ಎತ್ತುಗಳಿಗೂ ಹೇಳಲು ಸಂಗತಿಗಳಿರುತ್ತವೆ. ಇದಕ್ಕೆಲ್ಲ ಬರೆಸಿದ ಸಂಭಾಷಣೆಯಲ್ಲಿ ಬಹುಪಾಲು ಅನೇಕ ಆಟಗಾರರ ಕಿವಿಗೆ ಬೀಳುವುದೇ ಇಲ್ಲ. ಗೊತ್ತಿದ್ದೂ ತಂಡ ಅಷ್ಟು ಶ್ರಮ ಹಾಕಿದೆ.

ಜನರಿಗೆ ತಾಳ್ಮೆಯಿಲ್ಲ, ಮಾಯಾವಿದ್ಯೆ ಸರಳವಾಗಿರಬೇಕು ಎಂಬ ಮಾತು ಉದ್ಯಮದಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿದೆ. ಲೆಕ್ಕವಿಟ್ಟು ಮಂತ್ರ ಖರ್ಚು ಮಾಡಬೇಕಾದ ಈ ಆಟ ಲಕ್ಷಾಂತರ ಪ್ರತಿ ಮಾರಾಟವಾಗಿ, 2023ರ ‘ದ ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಆಟವೆನಿಸಿತು. ಇನ್ನು ಆ ನೆಪ ನಡೆಯುವುದಿಲ್ಲ. ಮುಂದಿನ ದೊಡ್ಡ ಆಟಗಳನ್ನು ಕಟ್ಟುತ್ತಿರುವ ಸಂಸ್ಥೆಗಳು ಐವತ್ತು ಬಗೆಯ ಬೆಂಕಿಯುಂಡೆಗಳ ಬದಲು ಬಾಗಿಲು ತೆರೆಯುವ, ಮಾತಾಡಿಸುವ, ತೇಲಿಸುವ ಹತ್ತು ಮಂತ್ರಗಳನ್ನು ಕೊಡಲಿ, ಅವುಗಳಿಗೆ ಉತ್ತರಿಸುವ ಲೋಕವನ್ನೂ ಕಟ್ಟಲಿ.