ಐವತ್ತು ಗುಣಿಸು ನಾಲ್ಕು ಎಂಬ ಸುಳ್ಳು



ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಮತ್ತು ಗಣಿತ ಕಲಿಸಿದವನು ಈಗ ಕಾರಿನ ಸ್ಪೀಕರುಗಳ ಬಗ್ಗೆ ಬರೆಯಲು ಕುಳಿತಿದ್ದಾನಲ್ಲ ಎಂದು ನಿಮ್ಮಲ್ಲಿ ಕೆಲವರು ನಗಬಹುದು. ನಗುವುದಕ್ಕೆ ನನ್ನ ಅಡ್ಡಿಯಿಲ್ಲ. ಆದರೆ ಕೊನೆಯವರೆಗೂ ಓದಬೇಕೆಂದು ವಿನಂತಿ. ಇದರಲ್ಲಿ ಒಂದು ಜಗಳವಿದೆ, ಮತ್ತು ಆ ಜಗಳದ ಒಂದು ಪಾಲು ನನ್ನ ಮೇಲೆಯೇ ಬರುತ್ತದೆ.

ನಿವೃತ್ತಿಯ ನಂತರ ನಾವು ಕೊಂಡದ್ದು ಒಂದು ಪುಟ್ಟ ಕಾರು. ಕಂಪನಿಯವರೇ ಕೂರಿಸಿದ ರೇಡಿಯೊ, ಮುಂದಿನ ಎರಡು ಬಾಗಿಲುಗಳಲ್ಲಿ ಎರಡು ಸ್ಪೀಕರು, ಹಿಂದಿನ ಬಾಗಿಲುಗಳಲ್ಲಿ ಸ್ಪೀಕರಿಗೆಂದು ಬಿಟ್ಟ ಖಾಲಿ ಜಾಗ. ಊರಿಗೆ ಹೋಗುವ ದಾರಿಯಲ್ಲಿ ವಚನಗಾಯನವನ್ನೋ ಭಾವಗೀತೆಯನ್ನೋ ಕೇಳುವುದು ನನ್ನ ಶ್ರೀಮತಿಯ ಅಭ್ಯಾಸ. ಕೆಲವು ಕಾಲದಿಂದ ಆಕೆ, "ರಾಗ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ. ನನ್ನ ಕಿವಿ ಹೋಯಿತು" ಎನ್ನತೊಡಗಿದಳು. ಧ್ವನಿ ಹೆಚ್ಚಿಸಿದರೆ ತಲೆನೋವು, ತಗ್ಗಿಸಿದರೆ ಗೊಣಗಾಟ. ಕಡೆಗೆ ಕಿವಿಯ ವೈದ್ಯರಲ್ಲಿ ಪರೀಕ್ಷೆ ಮಾಡಿಸಿದೆವು. ವಯಸ್ಸಿಗೆ ತಕ್ಕಷ್ಟು ಸವಕಳಿಯಾಗಿದೆ, ಯಂತ್ರವೇನೂ ಬೇಕಿಲ್ಲ ಎಂದರು. ಮನೆಗೆ ಬಂದು ಅದೇ ವಚನವನ್ನು ಅಡುಗೆಮನೆಯ ಹಳೆಯ ರೇಡಿಯೊ ಪೆಟ್ಟಿಗೆಯಲ್ಲಿ ಹಾಕಿದೆ. ಒಂದೊಂದು ಶಬ್ದವನ್ನೂ ಆಕೆ ಬಿಡಿಬಿಡಿಯಾಗಿ ಹೇಳಿದಳು. ಸುಮಾರು ಒಂದು ವರ್ಷ ಕಾಲ ಆಕೆ ಕಾರಿನ ದೋಷವನ್ನು ತನ್ನ ದೇಹದ ದೋಷವೆಂದು ನಂಬಿ ಒಳಗೊಳಗೇ ಕೊರಗಿದ್ದಳು. ನನಗೆ ಸಿಟ್ಟು ಬಂದದ್ದು ಅಂದು.

ಮರುದಿನ ನಮ್ಮ ಊರಿನ ಕಾರು ಅಲಂಕಾರದ ಅಂಗಡಿಯೊಂದಕ್ಕೆ ಹೋದೆ. ಕೌಂಟರಿನ ಹಿಂದಿದ್ದ ಯುವಕ ಎದ್ದು ಬಂದು ಕಾಲಿಗೆ ನಮಸ್ಕರಿಸಿದ. ನನ್ನ ಶಿಷ್ಯ, ಹೆಸರು ಬೇಡ. ಆತ ಪ್ರೀತಿಯಿಂದಲೇ ಒಂದು ಪಟ್ಟಿ ಬರೆದುಕೊಟ್ಟ: ಸ್ಪರ್ಶಪರದೆಯ ಹೊಸ ಯಂತ್ರ, ನಾಲ್ಕು ಸ್ಪೀಕರು, ಒಂದು ಆಂಪ್ಲಿಫೈಯರ್, ಡಿಕ್ಕಿಯಲ್ಲಿ ಒಂದು ಸಬ್‌ವೂಫರ್. ಒಟ್ಟು 38,000 ರೂಪಾಯಿ, "ನಿಮಗೆಂದು 34,000 ಸಾರ್". ಹೊಸ ಯಂತ್ರದ ಪೆಟ್ಟಿಗೆಯ ಮೇಲೆ ದಪ್ಪ ಅಕ್ಷರಗಳಲ್ಲಿ "50 ವ್ಯಾಟ್ × 4" ಎಂದು ಮುದ್ರಿಸಿತ್ತು. "ಈ ಐವತ್ತು ಎಲ್ಲಿಂದ ಬಂತಪ್ಪಾ?" ಎಂದು ಕೇಳಿದೆ. "ಬಾಕ್ಸಿನ ಮೇಲೇ ಬರೆದಿದೆಯಲ್ಲ ಸಾರ್" ಎಂದ.

ಈಗ ನೀವೆಲ್ಲ ಒಂದು ಕ್ಷಣ ಹತ್ತನೆಯ ತರಗತಿಯ ಬೆಂಚಿಗೆ ಮರಳಬೇಕು. ವಿದ್ಯುತ್ ಸಾಮರ್ಥ್ಯವೆಂದರೆ ವಿಭವಾಂತರದ ವರ್ಗವನ್ನು ರೋಧದಿಂದ ಭಾಗಿಸಿದಾಗ ಬರುವ ಮೊತ್ತ. ಕಾರಿನ ಬ್ಯಾಟರಿ 12 ವೋಲ್ಟಿನದು. ಎಂಜಿನ್ ಓಡುವಾಗ ಹೆಚ್ಚೆಂದರೆ ಸುಮಾರು 14.4 ವೋಲ್ಟ್ ಸಿಗುತ್ತದೆ. ಕಾರಿನ ಸ್ಪೀಕರಿನ ರೋಧ ಸಾಮಾನ್ಯವಾಗಿ 4 ಓಮ್. 14.4ರ ವರ್ಗ ಸುಮಾರು 207. ಅದನ್ನು 4ರಿಂದ ಭಾಗಿಸಿದರೆ 52. ಪೆಟ್ಟಿಗೆಯ ಐವತ್ತು ಸಿಕ್ಕಿತಲ್ಲವೇ? ಆದರೆ ಈ 52 ವ್ಯಾಟ್ ಸಿಗಬೇಕಾದರೆ ವಿಭವಾಂತರವು ಪೂರ್ಣ ಧನದಿಂದ ಪೂರ್ಣ ಋಣಕ್ಕೆ ನಡುವೆ ಎಲ್ಲೂ ನಿಲ್ಲದೆ ಹಾರುತ್ತಿರಬೇಕು. ಅಂತಹ ಚೌಕ ಅಲೆ ಸಂಗೀತವಲ್ಲ, ಕರ್ಕಶ ಕಿರುಚಾಟ. ನಯವಾಗಿ ಏರಿಳಿಯುವ ಅಲೆಗೆ ಅದರ ಅರ್ಧ, ಅಂದರೆ 26 ವ್ಯಾಟ್. ಯಂತ್ರದೊಳಗಿನ ನಷ್ಟವನ್ನು ಕಳೆದು, ಧ್ವನಿ ಒಡೆಯುವ ಮುನ್ನ ಉಳಿಯುವುದು 15ರಿಂದ 20 ವ್ಯಾಟ್ ಅಷ್ಟೆ.

ನನ್ನ ಮಾತಿನಲ್ಲಿ ನಂಬಿಕೆಯಿಲ್ಲದಿದ್ದರೆ ಯಂತ್ರವನ್ನು ತಿರುಗಿಸಿ ಅದರ ಬೆನ್ನಿನ ಫ್ಯೂಸ್ ನೋಡಿ. ಅಂದು ನಾನು ನೋಡಿದ್ದರಲ್ಲಿ 10 ಆಂಪಿಯರ್ ಫ್ಯೂಸ್ ಇತ್ತು. 14.4 ವೋಲ್ಟನ್ನು 10 ಆಂಪಿಯರಿನಿಂದ ಗುಣಿಸಿದರೆ 144 ವ್ಯಾಟ್. ನಿರಂತರವಾಗಿ 144 ವ್ಯಾಟಿಗಿಂತ ಹೆಚ್ಚು ಒಳಗೆ ಹೋಗಲಾರದ ಪೆಟ್ಟಿಗೆಯಿಂದ 200 ವ್ಯಾಟ್ ಹೊರಗೆ ಬರುವುದಾದರೆ, ಶಕ್ತಿಯ ಸಂರಕ್ಷಣಾ ನಿಯಮವನ್ನು ಪಠ್ಯಪುಸ್ತಕದಿಂದ ತೆಗೆದುಹಾಕಬೇಕಾಗುತ್ತದೆ. ಇನ್ನೂ ಸ್ವಾರಸ್ಯವೆಂದರೆ, ಆ ಪೆಟ್ಟಿಗೆಯೊಳಗಿನ ಕೈಪಿಡಿಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರಗಳಲ್ಲಿ 22 ವ್ಯಾಟ್ ಎಂದೇ ಅಚ್ಚಾಗಿತ್ತು. ಸತ್ಯಕ್ಕೆ ಸಣ್ಣ ಅಕ್ಷರ, ಸುಳ್ಳಿಗೆ ದಪ್ಪ ಅಕ್ಷರ!

ನಮ್ಮ ಕಾರಿನ ಹಳೆಯ ರೇಡಿಯೊಗೂ ಇದೇ ಬ್ಯಾಟರಿ, ಇದೇ ಗಣಿತ. ಅದೂ ಹತ್ತಿರ ಹತ್ತಿರ ಅಷ್ಟೇ ವ್ಯಾಟ್ ಕೊಡುತ್ತದೆ. ಅಂದಮೇಲೆ ಹೆಚ್ಚು ಶಕ್ತಿ ಸಿಗುತ್ತದೆಂದು ನಂಬಿ ಹೊಸ ಯಂತ್ರಕ್ಕೆ ಹಣ ಸುರಿಯುವುದು ಬಾವಿಯ ನೀರು ಸಾಲದೆಂದು ಹೊಸ ಬಿಂದಿಗೆ ಕೊಂಡಂತೆ.

ಇರಲಿ, ವ್ಯಾಟ್ ನಿಜವೇ ಆಗಿದ್ದರೂ ಅಷ್ಟು ಬೇಕೇ? ಸಾಮರ್ಥ್ಯವನ್ನು ಎರಡು ಪಟ್ಟು ಮಾಡಿದರೆ ಧ್ವನಿ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಅದು ತುಸುವೇ ಗೊತ್ತಾಗುವ ವ್ಯತ್ಯಾಸ. ಎರಡರಷ್ಟು ಜೋರೆನಿಸಬೇಕಾದರೆ ಸಾಮರ್ಥ್ಯ ಸುಮಾರು ಹತ್ತು ಪಟ್ಟಾಗಬೇಕು. ಬದಲಿಗೆ ಸ್ಪೀಕರಿನ ಸಂವೇದನಾಂಕವನ್ನು ನೋಡಿ. ಒಂದು ವ್ಯಾಟಿಗೆ 88 ಡೆಸಿಬೆಲ್ ಕೊಡುವ ಸ್ಪೀಕರಿನ ಜಾಗದಲ್ಲಿ 91 ಡೆಸಿಬೆಲ್ ಕೊಡುವುದನ್ನು ಕೂರಿಸಿದರೆ ಯಂತ್ರದ ಸಾಮರ್ಥ್ಯವನ್ನು ಇಮ್ಮಡಿ ಮಾಡಿದಷ್ಟೇ ಫಲ. ಗಾಜು ಮುಚ್ಚಿದ ಪುಟ್ಟ ಕಾರಿನಲ್ಲಿ ಮಾತು, ಹಾಡು ಕೇಳುವುದಕ್ಕೆ ಕೆಲವೇ ವ್ಯಾಟ್ ಸಾಕು. ಅದಕ್ಕಿಂತ ಹೆಚ್ಚಿನದರ ಬೆಲೆಯನ್ನು ಕಿವಿ ತೆರುತ್ತದೆ. ತಜ್ಞರ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. ಪ್ರತಿ 3 ಡೆಸಿಬೆಲಿಗೆ ಆ ಅವಧಿ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 100ಕ್ಕೆ ಬರಿಯ ಕಾಲು ಗಂಟೆ.

ಹಾಗಾದರೆ ನಿಜವಾದ ದೋಷವೆಲ್ಲಿ? ಮಾತಿನಲ್ಲಿ ಸ್ವರಗಳ ಬಲ ಕೆಳಗಿನ ಆವೃತ್ತಿಗಳಲ್ಲಿರುತ್ತದೆ. ವ್ಯಂಜನಗಳ ಗುರುತು, ಅದರಲ್ಲೂ ಸ, ಶ, ಚ, ಟ ಮುಂತಾದವುಗಳದು, ಹೆಚ್ಚಾಗಿ 2,000ದಿಂದ 8,000 ಹರ್ಟ್ಸ್‌ವರೆಗೆ ಹರಡಿರುತ್ತದೆ. 4,000 ಹರ್ಟ್ಸ್ ಧ್ವನಿಯ ತರಂಗದೂರ ಸುಮಾರು ಎಂಟೂವರೆ ಸೆಂಟಿಮೀಟರ್. ನಮ್ಮ ಬಾಗಿಲಿನಲ್ಲಿದ್ದದ್ದು ಹದಿಮೂರು ಸೆಂಟಿಮೀಟರ್ ಅಗಲದ ಒಂದೇ ಒಂದು ಕಾಗದದ ಶಂಕು. ತರಂಗದೂರಕ್ಕಿಂತ ಅಗಲವಾದ ಶಂಕುವಿನಿಂದ ಹೊರಟ ಧ್ವನಿ ಸುತ್ತ ಹರಡದೆ ಬ್ಯಾಟರಿ ದೀಪದ ಬೆಳಕಿನಂತೆ ನೇರ ಸಾಗುತ್ತದೆ. ಸ್ಪೀಕರ್ ಇರುವುದು ಮೊಣಕಾಲಿನ ಬಳಿ. ಹೀಗಾಗಿ ನನ್ನ ಶ್ರೀಮತಿಯ ಕಿವಿಗೆ ಸ್ವರಗಳು ಬಂದವು, ವ್ಯಂಜನಗಳು ಆಕೆಯ ಸೀರೆಯ ನೆರಿಗೆಯಲ್ಲಿ ಉಳಿದವು. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಈ ಎತ್ತರದ ಆವೃತ್ತಿಗಳನ್ನೇ. ಎತ್ತರದ ಧ್ವನಿಗೆಂದೇ ಇರುವ ಬೆರಳಗಲದ ಟ್ವೀಟರನ್ನು ಕಿವಿಗೆ ಸಮೀಪ ಇಡುವುದೇ ಇದಕ್ಕೆ ಪರಿಹಾರ. ಅದೇನೂ ದೊಡ್ಡ ವೆಚ್ಚದ ವಸ್ತುವಲ್ಲ. ಆದರೂ ಕೆಳದರ್ಜೆಯ ಮಾದರಿಗೆ ಅದನ್ನು ಕೊಡದೆ, ಬೇಕಿದ್ದರೆ ಮೇಲಿನ ಮಾದರಿಗೆ ಹೆಚ್ಚು ಹಣ ತೆರು ಎನ್ನುವುದು ವ್ಯಾಪಾರದ ಜಾಣ್ಮೆ. ಪುಟ್ಟ ಕಾರು ಕೊಳ್ಳುವವನಿಗೆ ವ್ಯಂಜನಗಳು ಬೇಡವೆಂದು ತೀರ್ಮಾನಿಸಿದವರು ಯಾರು?

ಎರಡನೆಯ ದೋಷ ಬಾಗಿಲಿನದು. ಶಂಕು ಮುಂದೆ ತಳ್ಳಿದ ಗಾಳಿಯೂ ಹಿಂದೆ ಎಳೆದ ಗಾಳಿಯೂ ಒಂದಕ್ಕೊಂದು ವಿರುದ್ಧ. ಬಾಗಿಲಿನ ಒಳತಗಡಿನಲ್ಲಿ ದೊಡ್ಡ ದೊಡ್ಡ ತೂತುಗಳಿದ್ದು, ಅವಕ್ಕೆ ತೆಳು ಪ್ಲಾಸ್ಟಿಕ್ ಹಾಳೆ ಮಾತ್ರ ಹೊದಿಸಿರುತ್ತದೆ. ಆ ದಾರಿಯಲ್ಲಿ ಎರಡೂ ಅಲೆಗಳು ಸೇರಿ ಕೆಳಗಿನ ಧ್ವನಿಯನ್ನು ಅಳಿಸಿಹಾಕುತ್ತವೆ. ಮೃದಂಗ, ತಬಲಾಗಳ ಎಡಭಾಗ ಟೊಳ್ಳಾಗುವುದು ಇದರಿಂದ. ಇದಕ್ಕೆ ಡಿಕ್ಕಿಯಲ್ಲಿ ಸಬ್‌ವೂಫರ್ ಇಡುವುದಕ್ಕಿಂತ ಮೊದಲು ತೂತುಗಳನ್ನು ಮುಚ್ಚಿ ನೋಡಬೇಕು.

ನಾನು ಮಾಡಿಸಿದ್ದು ಇಷ್ಟು. ಮುಂದಿನ ಬಾಗಿಲುಗಳಿಗೆ ಟ್ವೀಟರ್ ಬೇರೆಯಾಗಿರುವ ಒಂದು ಜೊತೆ ಸ್ಪೀಕರು, 3,800 ರೂಪಾಯಿ. ಟ್ವೀಟರುಗಳನ್ನು ಹೊರಗನ್ನಡಿಯ ಬಳಿಯ ಒಳ ತ್ರಿಕೋನದಲ್ಲಿ ಕೂರಿಸಿದೆವು. ಬಾಗಿಲಿನ ತಗಡಿಗೆ ಅಂಟಿಸುವ, ಹಿಂಬದಿಗೆ ಅಲ್ಯೂಮಿನಿಯಂ ಹಾಳೆಯಿರುವ ಬ್ಯುಟೈಲ್ ರಬ್ಬರ್ ಹಾಳೆಗಳು 1,400. ಕಂಪನಿಯ ತಂತಿಯನ್ನು ಕತ್ತರಿಸದೆ ಜೋಡಿಸುವ ಕನೆಕ್ಟರ್, ಸ್ಪೀಕರಿನ ಅಳತೆಯ ಉಂಗುರ, ಎಲ್ಲ ಸೇರಿ 500. ಕೂಲಿ 800. ಒಟ್ಟು 6,500 ರೂಪಾಯಿ. ರೇಡಿಯೊ ಹಳೆಯದೇ. ಹಿಂದಿನ ಬಾಗಿಲುಗಳನ್ನು ಮುಟ್ಟಲಿಲ್ಲ. ಮುಂದೆ ಕೂರುವ ಇಬ್ಬರು ಮುದುಕರಿಗೆ ಬೆನ್ನ ಹಿಂದಿನ ಹಾಡು ಏಕೆ ಬೇಕು?

ಮಾಡಿಸುವವರು ಮೂರು ವಿಷಯ ನೆನಪಿಡಿ. ಬಾಗಿಲಿನ ತಳದಲ್ಲಿ ಮಳೆನೀರು ಹರಿದುಹೋಗುವ ಸಣ್ಣ ರಂಧ್ರಗಳಿರುತ್ತವೆ. ಅವನ್ನು ಮುಚ್ಚಿದರೆ ತಗಡು ತುಕ್ಕು ಹಿಡಿಯುತ್ತದೆ. ಗಾಜನ್ನು ಪೂರ್ತಿ ಕೆಳಗಿಳಿಸಿ, ಅದು ಸ್ಪೀಕರಿನ ಬೆನ್ನಿಗೆ ತಾಗುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ. ತಂತಿಯ ಧನ ಋಣಗಳು ಎರಡೂ ಬಾಗಿಲಿನಲ್ಲಿ ಒಂದೇ ಕ್ರಮದಲ್ಲಿರಲಿ. ಒಂದು ಅದಲುಬದಲಾದರೂ ಕೆಳಗಿನ ಧ್ವನಿ ಬಡಕಲಾಗುತ್ತದೆ. ಸಂದೇಹ ಬಂದರೆ ಬಿಚ್ಚಿದ ಸ್ಪೀಕರಿಗೆ ಗಡಿಯಾರದ ಒಂದೂವರೆ ವೋಲ್ಟಿನ ಸೆಲ್ ತಾಗಿಸಿ. ಸೆಲ್ಲಿನ ಧನ ಸ್ಪೀಕರಿನ ಧನಕ್ಕೆ ತಾಗಿದಾಗ ಶಂಕು ಹೊರಕ್ಕೆ ಚಲಿಸುತ್ತದೆ.

ನನ್ನ ವಾದಕ್ಕೆ ಎರಡು ಕಡೆಯಿಂದ ಆಕ್ಷೇಪ ಬರುತ್ತದೆಂದು ಬಲ್ಲೆ. ಬಂಧುಗಳಲ್ಲಿ ಹಿರಿಯರು, "ಕಂಪನಿ ಕೊಟ್ಟದ್ದು ಸಾಲದೇ? ಈ ವಯಸ್ಸಿನಲ್ಲಿ ಷೋಕಿ ಏಕೆ?" ಎನ್ನುತ್ತಾರೆ. ಮಾತು ತಿಳಿಯಬೇಕೆಂಬುದು ಷೋಕಿಯಲ್ಲ ಸ್ವಾಮಿ. ಕನ್ನಡಕದ ಗಾಜು ಮಸುಕಾದರೆ ಒರೆಸುವುದಿಲ್ಲವೇ? ಕಿರಿಯರು, "ಬಾಸ್ ಇಲ್ಲದ ಹಾಡು ಹಾಡೇ ಅಲ್ಲ" ಎನ್ನುತ್ತಾರೆ. ಒಪ್ಪುತ್ತೇನೆ, ಆ ಸಂತೋಷವನ್ನು ನಿಮ್ಮಿಂದ ಕಸಿಯಲಾರೆ. ಸ್ವಂತ ದುಡಿಮೆಯ ಹಣದಲ್ಲಿ ಸಬ್‌ವೂಫರ್ ಕೊಂಡವನೂ ತಪ್ಪಿತಸ್ಥನಲ್ಲ. ಆದರೆ ಬಾಗಿಲು ಸರಿಪಡಿಸಿ, ಆಮೇಲೂ ಸಾಲದೆನಿಸಿದರೆ ಮಾತ್ರ ಕೊಳ್ಳಿ. ಕೊಂಡಮೇಲೆ ಬ್ಯಾಟರಿಯಿಂದ ಎಳೆದ ತಂತಿಗೆ ಬ್ಯಾಟರಿಯ ಬಳಿಯೇ ಫ್ಯೂಸ್ ಹಾಕಿಸಿ. ಇಲ್ಲದಿದ್ದರೆ ತಂತಿ ತಗಡಿಗೆ ಉಜ್ಜಿದ ದಿನ ಬೆಂಕಿ ಹೊತ್ತೀತು. ಇನ್ನು ರಾತ್ರಿ ಹತ್ತರ ಮೇಲೆ ಬೀದಿಯ ಕಿಟಕಿಗಳು ಅದುರುವಂತೆ ಹೋಗುವವರಿಗೆ ಒಂದು ಮಾತು: 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿಯ ಮಿತಿ 45 ಡೆಸಿಬೆಲ್. ಆ ಮನೆಗಳಲ್ಲಿ ಪರೀಕ್ಷೆಗೆ ಓದುವ ಮಕ್ಕಳಿರುತ್ತಾರೆ.

ಈಗ ನನ್ನ ಪಾಲಿನ ತಪ್ಪಿಗೆ ಬರುತ್ತೇನೆ. ಅಂಗಡಿಯಲ್ಲಿ ನಾನು ಬಿಲ್ಲಿನ ಹಿಂಬದಿಯಲ್ಲಿ ಈ ಲೆಕ್ಕ ಮಾಡಿ ತೋರಿಸಿದಾಗ ಆ ಶಿಷ್ಯ ಅರ್ಧಕ್ಕೇ ಮುಂದಿನ ಹೆಜ್ಜೆಯನ್ನು ತಾನೇ ಹೇಳಿದ. ಸೂತ್ರ ಅವನಿಗೆ ಬಾಯಿಪಾಠವಿತ್ತು. "ಗೊತ್ತು ಸಾರ್. ಆದರೆ ಇದನ್ನು ಇಲ್ಲಿ ಹಾಕಬೇಕೆಂದು ಹೊಳೆದಿರಲಿಲ್ಲ. ಮೇಲಾಗಿ ಗಿರಾಕಿಗಳು ಕೇಳುವುದೇ ಐವತ್ತನ್ನು" ಎಂದ. ಈ ಉತ್ತರ ನನ್ನನ್ನು ಬಹಳ ದಿನ ಕಾಡಿತು. ವರ್ಷಕ್ಕೆ ಎರಡು ವಿಭಾಗದ ಮಕ್ಕಳಿಗೆ ಆ ಸೂತ್ರವನ್ನು ಬರೆಸಿದ್ದೇನೆ, ಅಂಕ ಕೊಟ್ಟಿದ್ದೇನೆ. ಆದರೆ ಒಂದು ದಿನವಾದರೂ ಅಂಗಡಿಯ ಪೆಟ್ಟಿಗೆಯೊಂದನ್ನು ತರಗತಿಗೆ ತಂದು, "ಇದರ ಮೇಲಿನ ಸಂಖ್ಯೆ ನಿಜವೇ ನೋಡಿ" ಎಂದು ಕೇಳಲಿಲ್ಲ. ಸೂತ್ರವನ್ನು ಪರೀಕ್ಷೆಗೆಂದು ಕಲಿಸಿದೆ, ಮೋಸಹೋಗದಿರಲೆಂದು ಕಲಿಸಲಿಲ್ಲ. ಮಾರುವವನೂ ಕೊಳ್ಳುವವನೂ ನನ್ನಂಥವರ ತರಗತಿಯಿಂದಲೇ ಹೊರಟವರು. ಐವತ್ತನ್ನು ಅಚ್ಚುಹಾಕಿದವರ ಮೇಲೆ ನನ್ನ ಸಿಟ್ಟು ಇಳಿದಿಲ್ಲ, ಆದರೆ ಅದನ್ನು ಪ್ರಶ್ನಿಸದ ಗಿರಾಕಿಯನ್ನು ತಯಾರು ಮಾಡಿದ್ದರಲ್ಲಿ ನನ್ನ ಕೈಯೂ ಇದೆ.

ಆದ್ದರಿಂದ ಈ ತಡವಾದ ಪಾಠ. ಕಾರಿಗಿರಲಿ ಮನೆಗಿರಲಿ, ಹಣ ಕೊಡುವ ಮುನ್ನ ಪೆಟ್ಟಿಗೆಯನ್ನು ತಿರುಗಿಸಿ ಫ್ಯೂಸ್ ನೋಡಿ, ಕೈಪಿಡಿಯ ಕೊನೆಯ ಪುಟ ಓದಿ, ಒಂದು ಗುಣಾಕಾರ ಮಾಡಿ. ಮೊದಲು ಮುಂದಿನ ಸ್ಪೀಕರು, ನಂತರ ಬಾಗಿಲು, ಉಳಿದದ್ದೆಲ್ಲ ಆಮೇಲೆ. ಮನೆಯಲ್ಲಿ ವಯಸ್ಸಾದವರು "ಮಾತು ತಿಳಿಯುತ್ತಿಲ್ಲ" ಎಂದರೆ, ಅವರ ಕಿವಿಯ ಜೊತೆಗೆ ನಿಮ್ಮ ಸ್ಪೀಕರನ್ನೂ ಪರೀಕ್ಷಿಸಿ.

ಹೋದ ಭಾನುವಾರ ಊರಿಗೆ ಹೋಗಿಬಂದೆವು. ದಾರಿಯಲ್ಲಿ ಶ್ರೀಮತಿ ಹಾಡಿನ ಜೊತೆ ತಾನೂ ಗುನುಗಿದಳು. ಹಾಡುಗಾರ್ತಿ ಒಂದು ಕಡೆ ಶಕಾರವನ್ನು ಸಕಾರವಾಗಿ ಉಚ್ಚರಿಸಿದ್ದನ್ನು ಹಿಡಿದು ನನಗೆ ತೋರಿಸಿಕೊಟ್ಟಳು. ಆರೂವರೆ ಸಾವಿರ ರೂಪಾಯಿಗೆ ನಾನು ಕೇಳಿದ್ದು ಅಷ್ಟೇ.