ಕೆಲಸಕ್ಕೂ ಮುನ್ನ ಪುಕ್ಕಟೆ ದುಡಿಮೆ: ಡಿಸೈನರ್‌ಗಳ 'ಟೆಸ್ಟ್ ಅಸೈನ್‌ಮೆಂಟ್' ಯಾರಿಗೆ ಲಾಭ?

ನವಿ ಮುಂಬೈನ ಐರೋಳಿ, ಮಹಾಪೆಯ ಐಟಿ ಕಂಪನಿಗಳಿಂದ ಹಿಡಿದು ಠಾಣೆಯ ಸಣ್ಣ ಜಾಹೀರಾತು ಏಜೆನ್ಸಿಗಳವರೆಗೆ 'ಡಿಸೈನರ್ ಬೇಕಾಗಿದ್ದಾರೆ' ಎಂಬ ಪ್ರಕಟಣೆಗಳಿಗೆ ಬರವಿಲ್ಲ. ಡೊಂಬಿವಲಿ, ಕಲ್ಯಾಣ್‌ನಿಂದ ಅರ್ಜಿ ಹಾಕುವ ಯುವಜನರಿಗೂ ಬರವಿಲ್ಲ. ಆದರೆ ಅರ್ಜಿಗೂ ಆಫರ್ ಲೆಟರ್‌ಗೂ ನಡುವೆ ಈಗ ಒಂದು ಹಂತ ಗಟ್ಟಿಯಾಗಿ ಕೂತಿದೆ. ಅದೇ 'ಟೆಸ್ಟ್ ಅಸೈನ್‌ಮೆಂಟ್'. ಸಂಬಳವಿಲ್ಲದೆ ಮನೆಯಲ್ಲಿ ಕೂತು ಮಾಡಿಕೊಡಬೇಕಾದ ಕೆಲಸ.

ಈ ಪದ್ಧತಿ ಬೆಳೆದಿದ್ದು ಹೇಗೆ? ಇದಕ್ಕೆ ಮಿತಿ ಬೇಡವೇ?

ಟೂಲ್ ಬದಲಾಗುತ್ತದೆ, ಪಟ್ಟಿ ಬೆಳೆಯುತ್ತದೆ

ಫೋಟೋಶಾಪ್, ಇಲ್ಲಸ್ಟ್ರೇಟರ್, ಕೋರೆಲ್‌ಡ್ರಾ, ಫಿಗ್ಮಾ, ಜೊತೆಗೆ ವಿಡಿಯೋ ಎಡಿಟಿಂಗ್ ಹಾಗೂ ಎಐ. ಒಬ್ಬನೇ ಅಭ್ಯರ್ಥಿಗೆ ಇವೆಲ್ಲವೂ ಗೊತ್ತಿರಬೇಕು ಎಂದು ಕೇಳುವುದು ಸಾಮಾನ್ಯವಾಗಿದೆ. ಆದರೆ ಟೂಲ್‌ಗಳ ಆಯುಸ್ಸು ಎಷ್ಟು?

ಅಡೋಬಿ 2013ರಲ್ಲಿ ತನ್ನ ಸಾಫ್ಟ್‌ವೇರ್‌ಗಳನ್ನು ಚಂದಾ ಪದ್ಧತಿಗೆ ತಂದಿತು. 2022ರಲ್ಲಿ ಪ್ರತಿಸ್ಪರ್ಧಿ ಫಿಗ್ಮಾವನ್ನು 2,000 ಕೋಟಿ ಡಾಲರ್‌ಗೆ ಕೊಳ್ಳುವುದಾಗಿ ಘೋಷಿಸಿತು. ಯುರೋಪ್ ಮತ್ತು ಬ್ರಿಟನ್‌ನ ನಿಯಂತ್ರಕರ ಆಕ್ಷೇಪದ ನಡುವೆ 2023ರ ಡಿಸೆಂಬರ್‌ನಲ್ಲಿ ಒಪ್ಪಂದ ಮುರಿದುಬಿತ್ತು. ಅಡೋಬಿ 100 ಕೋಟಿ ಡಾಲರ್ ಪರಿಹಾರ ಕೊಡಬೇಕಾಯಿತು. ಇದೇ ಅವಧಿಯಲ್ಲಿ ಅದರ ಎಕ್ಸ್‌ಡಿ ಮೂಲೆ ಸೇರಿತು. ಎಕ್ಸ್‌ಡಿ ಕಲಿಯಲು ಕೋರ್ಸ್‌ಗೆ ಹಣ ಕಟ್ಟಿದವರು ಮತ್ತೆ ಫಿಗ್ಮಾ ಕಲಿತರು.

ಟೂಲ್ ಹೆಸರಿನಿಂದ ಕೌಶಲ ಅಳೆಯಲಾಗದು ಎಂಬುದಕ್ಕೆ ಕನ್ನಡದ ಪೋಸ್ಟರ್‌ಗಳೇ ಸಾಕ್ಷಿ. ಫೋಟೋಶಾಪ್‌ನ ಹಳೆಯ ಆವೃತ್ತಿಗಳಲ್ಲಿ ಭಾರತೀಯ ಭಾಷೆಗಳ ಸೆಟ್ಟಿಂಗ್ ಆಯ್ಕೆ ಮಾಡದಿದ್ದರೆ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಸಾಫ್ಟ್‌ವೇರ್ ಗೊತ್ತಿದ್ದೂ ಈ ತಪ್ಪು ಗಮನಿಸದವರು ಹಲವರು. ಗಮನಿಸಿ ಸರಿಪಡಿಸುವವರೇ ನಿಜವಾದ ಡಿಸೈನರ್. ಆ ಗುಣ ರೆಸ್ಯೂಮೆಯ ಪಟ್ಟಿಯಲ್ಲಿ ಕಾಣುವುದಿಲ್ಲ.

ಪೋರ್ಟ್‌ಫೋಲಿಯೊ ಮೇಲೆ ನಂಬಿಕೆ ಏಕಿಲ್ಲ?

ಇದನ್ನು ತೋರಿಸಬೇಕಿದ್ದದ್ದು ಪೋರ್ಟ್‌ಫೋಲಿಯೊ. 2012ರಲ್ಲಿ ಅಡೋಬಿ ತೆಕ್ಕೆಗೆ ಬಂದ ಬಿಹ್ಯಾನ್ಸ್, 2009ರಲ್ಲಿ ಶುರುವಾದ ಡ್ರಿಬಲ್ ಊರು, ಕಾಲೇಜಿನ ಹಂಗಿಲ್ಲದೆ ಕೆಲಸ ಪ್ರದರ್ಶಿಸಲು ಜಾಗ ಕೊಟ್ಟವು. ಜೆ.ಜೆ. ಅಥವಾ ಐಐಟಿ ಬಾಂಬೆಯ ಐಡಿಸಿಯಲ್ಲಿ ಓದದವರಿಗೂ ಅಲ್ಲಿ ಅವಕಾಶ ಸಿಕ್ಕಿತು.

ಆದರೆ ಲೈಕ್ ಬೀಳುವುದು ಹೊಳೆಯುವ ಚಿತ್ರಗಳಿಗೆ. ಬಜೆಟ್, ಗಡುವು, ಗ್ರಾಹಕರ ದೂರು ಯಾವುದೂ ಇಲ್ಲದೆ ಜನಪ್ರಿಯ ಆ್ಯಪ್ ಒಂದಕ್ಕೆ ಹೊಸ ರೂಪ ಕೊಟ್ಟರೆ ಚೆಂದ ಕಾಣುತ್ತದೆ. ತಂಡದ ಕೆಲಸದಲ್ಲಿ ಯಾರ ಪಾಲೆಷ್ಟು ಎಂಬುದು ತಿಳಿಯುವುದಿಲ್ಲ. ಈಗ ಎಐ ಕ್ಷಣಾರ್ಧದಲ್ಲಿ ಅಂಥ ಚಿತ್ರ ಕೊಡುತ್ತದೆ. ಹೀಗಾಗಿ ಪೋರ್ಟ್‌ಫೋಲಿಯೊ ನಂಬದ ಕಂಪನಿಗಳು ಅಸೈನ್‌ಮೆಂಟ್ ಮೊರೆ ಹೋಗುತ್ತಿವೆ. ಕಂಪನಿಗಳ ಅನುಮಾನದಲ್ಲಿ ಅರ್ಥವಿದೆ. ಪ್ರಶ್ನೆ ಇರುವುದು ಅದರ ವೆಚ್ಚ ಯಾರು ಭರಿಸಬೇಕು ಎಂಬುದರಲ್ಲಿ.

ಬೆಲೆ ತೆರುವವರು ಯಾರು?

ಒಂದೆರಡು ತಾಸಿನ ಕಾಲ್ಪನಿಕ ಸಮಸ್ಯೆ ಕೊಡುವುದು ಪರೀಕ್ಷೆ. ಕಂಪನಿಯದೇ ಆ್ಯಪ್‌ನ ಹತ್ತು ಪುಟ ಮಾಡಿಸಿಕೊಂಡು, ನಂತರ ಇಮೇಲ್‌ಗೂ ಉತ್ತರಿಸದಿರುವುದು ಪುಕ್ಕಟೆ ದುಡಿಮೆ.

ಕಲ್ಯಾಣ್‌ನಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು, ಟ್ರಾನ್ಸ್ ಹಾರ್ಬರ್ ರೈಲಿನಲ್ಲಿ ಐರೋಳಿಗೆ ಕೆಲಸಕ್ಕೆ ಹೋಗುವವರಿಗೆ ಅಸೈನ್‌ಮೆಂಟ್ ಮಾಡಲು ಸಿಗುವುದು ರಾತ್ರಿ ಮಾತ್ರ. ಮನೆಯ ಜವಾಬ್ದಾರಿ ಇಲ್ಲದೆ, ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರಬಲ್ಲವರದು ಸಹಜವಾಗಿಯೇ ಚೆನ್ನಾಗಿ ಕಾಣುತ್ತದೆ. ಅಂದರೆ ಪರೀಕ್ಷೆ ಪ್ರತಿಭೆಯನ್ನಲ್ಲ, ಬಿಡುವನ್ನು ಅಳೆಯುತ್ತಿದೆ.

ಕಾನೂನು ಏನು ಹೇಳುತ್ತದೆ?

ಭಾರತದ ಕೃತಿಸ್ವಾಮ್ಯ ಕಾಯ್ದೆ, 1957ರ ಸೆಕ್ಷನ್ 17ರಂತೆ ಕೃತಿ ರಚಿಸಿದವರೇ ಸಾಮಾನ್ಯವಾಗಿ ಅದರ ಮೊದಲ ಹಕ್ಕುದಾರರು. ನೌಕರರು ಕರ್ತವ್ಯದ ಭಾಗವಾಗಿ ಮಾಡಿದ್ದು ಮಾಲೀಕರಿಗೆ ಸೇರುತ್ತದೆ. ಆದರೆ ಅಭ್ಯರ್ಥಿ ಇನ್ನೂ ನೌಕರನಲ್ಲ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು ಎನ್ನುತ್ತದೆ ಸೆಕ್ಷನ್ 19. ಹಾಗಾಗಿ ಸಹಿ ಹಾಕದೆ ಕೊಟ್ಟ ವಿನ್ಯಾಸವನ್ನು ಕಂಪನಿ ತನ್ನದೆಂದು ಬಳಸುವಂತಿಲ್ಲ. ಆದರೆ ಈ ರಕ್ಷಣೆ ಇರುವುದು ರಚಿಸಿದ ವಿನ್ಯಾಸಕ್ಕೆ, ಅದರ ಹಿಂದಿನ ಐಡಿಯಾಕ್ಕಲ್ಲ. ಐಡಿಯಾ ಎತ್ತಿಕೊಂಡರೆ ಸಾಬೀತುಪಡಿಸುವುದು ಕಷ್ಟ.

ಆದ್ದರಿಂದ ಒಪ್ಪುವ ಮುನ್ನವೇ ಮೂರು ಪ್ರಶ್ನೆ ಕೇಳುವುದು ಒಳಿತು: ಎಷ್ಟು ತಾಸಿನ ಕೆಲಸ? ಹಣ ಕೊಡುತ್ತೀರಾ? ಆಯ್ಕೆಯಾಗದಿದ್ದರೆ ಇದನ್ನು ಬಳಸುವುದಿಲ್ಲ ಎಂದು ಇಮೇಲ್‌ನಲ್ಲಿ ಬರೆದುಕೊಡುತ್ತೀರಾ? ಕಂಪನಿಗಳಿಗೂ ಸುಲಭ ದಾರಿಯಿದೆ. ಅಭ್ಯರ್ಥಿಯ ಹಳೆಯ ಕೆಲಸವೊಂದನ್ನು ಎದುರಿಗಿಟ್ಟು, ಹೀಗೇಕೆ ಮಾಡಿದಿರಿ, ಯಾವುದನ್ನು ಕೈಬಿಟ್ಟಿರಿ ಎಂದು ಒಂದು ಗಂಟೆ ಮಾತನಾಡಿಸಿದರೆ ಬೇರೆಯವರ ಕೆಲಸ ತಂದವರು ಬೇಗ ಸಿಕ್ಕಿಬೀಳುತ್ತಾರೆ. ಅದಕ್ಕೆ ಯಾರೂ ರಾತ್ರಿ ನಿದ್ದೆಗೆಡಬೇಕಿಲ್ಲ.