ಚಿತ್ರವನ್ನು ಅಚ್ಚಿಗೆ ಕೊಡುವ ಮುನ್ನ



ನನ್ನೊಡನೆ ಸೇವೆ ಸಲ್ಲಿಸಿ ತೀರಿಕೊಂಡ ಚಿತ್ರಕಲಾ ಶಿಕ್ಷಕರ ನೆನಪಿಗಾಗಿ ನಾವು ಸ್ಮರಣ ಸಂಚಿಕೆಯೊಂದನ್ನು ತಂದದ್ದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಮುಖಪುಟಕ್ಕೆ ಅವರೇ ಬರೆದ ಗೋಲಗುಮ್ಮಟದ ಜಲವರ್ಣ ಚಿತ್ರವನ್ನು ಆರಿಸಿದ್ದೆವು. ಪ್ರತಿಗಳು ಘೋಣಸಗಿಗೆ ಬಂದಾಗ ನೋಡಿದರೆ, ಗುಮ್ಮಟದ ಬುಡದ ಕಮಲದ ಎಸಳುಗಳು ಒಂದರೊಳಗೊಂದು ಕಲೆತು ಮಸುಕಾಗಿದ್ದವು. ಅವರ ಮಗಳು ಬಹಳ ಹೊತ್ತು ನೋಡಿ, "ಇವು ನಮ್ಮಪ್ಪನ ಗೆರಿ ಅಲ್ರಿ ಸರ್" ಎಂದಳು.

ಎಲ್ಲರೂ ಮುದ್ರಣಾಲಯದವರನ್ನು ದೂರಿದರು. ತಪ್ಪು ನನ್ನದು. ಚಿತ್ರವನ್ನು ಫೋನಿನಲ್ಲಿ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದವನು ನಾನು. ಅದು ಚಿತ್ರವನ್ನು ಕುಗ್ಗಿಸಿ ಸಾಗಿಸುತ್ತದೆಂಬುದು ನನಗೆ ತಿಳಿದಿರಲಿಲ್ಲ. ತಲುಪಿದ ಕಡತದ ಉದ್ದ 1600 ಪಿಕ್ಸೆಲ್. ಒಳ್ಳೆಯ ಅಚ್ಚಿಗೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕೆಂಬುದು ಮುದ್ರಕರ ರೂಢಿ. 12 ಅಂಗುಲದ ಪುಟಕ್ಕೆ 3600 ಆಯಿತು. ಫೋನಿನಲ್ಲಿದ್ದ ಮೂಲ ಕಡತವನ್ನು ಜಾಗ ಸಾಲದೆಂದು ಅಳಿಸಿದ್ದೆ. ಕಾಗದದ ಮೂಲಚಿತ್ರ ಅಷ್ಟರಲ್ಲಿ ಮಳೆನೀರಿಗೆ ನೆನೆದು ಹಾಳಾಗಿತ್ತು.

ಆ ಬಳಿಕ ಈ ಕಡತಗಳ ಪಾಠವನ್ನು ನಾನೇ ವಿದ್ಯಾರ್ಥಿಯಾಗಿ ಕಲಿತೆ. ಜೆಪೆಗ್ ಎಂಬುದು ಕಣ್ಣಿಗೆ ಎದ್ದು ಕಾಣದ ವಿವರಗಳನ್ನು ಬಿಟ್ಟುಕೊಟ್ಟು ಹಗುರಾಗುತ್ತದೆ. ತಿದ್ದಿ ಮತ್ತೆ ಮತ್ತೆ ಉಳಿಸಿದಂತೆಲ್ಲ ಇನ್ನಷ್ಟು ಕಳೆಯುತ್ತದೆ. ಒಬ್ಬನ ನೋಟ್‌ಬುಕ್ಕನ್ನು ಇನ್ನೊಬ್ಬ, ಅವನದನ್ನು ಮತ್ತೊಬ್ಬ ನಕಲು ಮಾಡಿದ ಹಾಗೆ. ಗುಣಮಟ್ಟ ತಗ್ಗಿಸದೆ ಒಮ್ಮೆ ಉಳಿಸಿದ ದೊಡ್ಡ ಜೆಪೆಗ್ ಅಚ್ಚಿಗೆ ಅಯೋಗ್ಯವೇನಲ್ಲ. ಆದರೆ ಕಾದಿಡುವ ಪ್ರತಿಗೆ ಅದು ಸಲ್ಲದು. ಅದಕ್ಕೆ ಟಿಫ್ ಉತ್ತಮ. ಪಿಎನ್‌ಜಿ ಕೂಡ ವಿವರ ಕಳೆಯುವುದಿಲ್ಲವಾದರೂ, ಮುದ್ರಣದ ನೀಲಿ, ಮಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳ ವರ್ಣಪದ್ಧತಿಯನ್ನು ಅದು ಹಿಡಿದಿಡಲಾರದು; ಅದು ಪರದೆಗೆಂದೇ ಹುಟ್ಟಿದ್ದು.

ಚಿತ್ರದ ಜೊತೆಗೆ ಅಕ್ಷರಗಳಿದ್ದರೆ ಕನ್ನಡಿಗರಾದ ನಮಗೆ ಇನ್ನೊಂದು ತೊಡಕುಂಟು. ಹಳೆಯ ನುಡಿ ಲಿಪಿಯಲ್ಲಿ ಟೈಪಿಸಿದ ಬರಹವನ್ನು ಆ ಲಿಪಿಯಿಲ್ಲದ ಗಣಕದಲ್ಲಿ ತೆರೆದರೆ ಕನ್ನಡವೇ ಮಾಯವಾಗಿ ಅರ್ಥವಿಲ್ಲದ ರೋಮನ್ ಅಕ್ಷರಗಳು ಕಾಣುತ್ತವೆ. ಆದ್ದರಿಂದ ಲಿಪಿಯನ್ನು ಒಳಗೇ ಸೇರಿಸಿದ ಪಿಡಿಎಫ್ ಮಾಡಿ ಕೊಡುವುದು ಕ್ಷೇಮ.

ನನ್ನ ಅಭಿಪ್ರಾಯವಿಷ್ಟೇ. ಕಾದಿಡಲು ಟಿಫ್, ಅಚ್ಚಿಗೆ ಪಿಡಿಎಫ್, ಬಂಧುಮಿತ್ರರಿಗೆ ತೋರಿಸಲು ಜೆಪೆಗ್. ಮೊದಲು ಮುದ್ರಕರನ್ನೇ ಕೇಳಿರಿ. ವಾಟ್ಸ್ಆ್ಯಪ್ ಅನಿವಾರ್ಯವಾದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿರಿ. ಎಲ್ಲ ಪ್ರತಿ ಅಚ್ಚಾಗುವ ಮೊದಲು ಒಂದು ಮಾದರಿ ಪ್ರತಿ ತೆಗೆಸಿ ನೋಡಿರಿ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಚಿತ್ರಕ್ಕೆ ಬ್ಲಾಕ್ ಮಾಡಿಸಬೇಕಿತ್ತು. ಹಣ ಖರ್ಚಾಗುತ್ತಿದ್ದುದರಿಂದ ನಾಲ್ಕು ಸಲ ಯೋಚಿಸುತ್ತಿದ್ದೆವು. ಈಗ ಬೆರಳೊತ್ತಿದರೆ ಕೆಲಸ ಮುಗಿಯುವುದರಿಂದ ಯೋಚಿಸುವುದನ್ನೇ ಬಿಟ್ಟಿದ್ದೇವೆ.

ನಿಮ್ಮ ಮನೆಗಳಲ್ಲಿ ಆ ಗುರುಗಳು ಬರೆದುಕೊಟ್ಟ ಚಿತ್ರಗಳು ಇನ್ನೂ ಇದ್ದಾವು. ದಯವಿಟ್ಟು ಈ ವಾರವೇ ಒಳ್ಳೆಯ ಸ್ಕ್ಯಾನರಿನಲ್ಲಿ ಅವುಗಳ ಟಿಫ್ ಪ್ರತಿ ಮಾಡಿಸಿ, ಎರಡು ಕಡೆ ಇಡಿರಿ. ನಾನು ಕಳೆದುಕೊಂಡದ್ದನ್ನು ನೀವಾದರೂ ಉಳಿಸಿರಿ.